‘ವಾಸ್’ ಎಲ್ಲಿ, ‘ವರ್’ ಎಲ್ಲಿ: ಹಾಸನದ ಸಂಜೆ ಕ್ಲಾಸಿನಿಂದ

ಹಾಸನದ ಕೆ.ಆರ್. ಪುರಂನಲ್ಲಿ ಸಂಜೆ ಹೊತ್ತು ನಾನು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಬೇಲೂರು, ಹಳೇಬೀಡಿಗೆ ಟೂರಿಸ್ಟ್‌ಗಳನ್ನು ಕರೆದುಕೊಂಡು ಹೋಗುವ ಡ್ರೈವರ್‌ಗಳು ಬರುತ್ತಾರೆ. ಸಕಲೇಶಪುರದ ಕಡೆ ಹೋಂಸ್ಟೇಗಳಲ್ಲಿ ಕೆಲಸ ಮಾಡುವವರು ಬರುತ್ತಾರೆ. ಮಕ್ಕಳ ಸ್ಕೂಲಿನಲ್ಲಿ ಟೀಚರ್ ಜೊತೆ ಧೈರ್ಯವಾಗಿ ಮಾತಾಡಬೇಕು ಅಂತ ಅಮ್ಮಂದಿರೂ ಬರುತ್ತಾರೆ. ಇವತ್ತಿನ ವಿಷಯ ಹೇಗೋ ಹೇಳಿಬಿಡುತ್ತಾರೆ. ನಿನ್ನೆಯ ವಿಷಯ ಬಂದ ಕೂಡಲೇ ‘ಐ ವಾಸ್ ಗೋ’, ‘ಐ ವಾಸ್ ವೆಂಟ್’ ಅಂತ ಶುರುವಾಗುತ್ತದೆ. ಆಗಿಹೋದದ್ದು ಅಂದ್ರೆ ‘ವಾಸ್’ ಹಾಕಬೇಕು ಅಂತ ಯಾವತ್ತೋ ತಲೆಯಲ್ಲಿ ಕೂತಿರುತ್ತದೆ. ಮೊದಲು ಅದನ್ನು ಬಿಡಿಸಬೇಕು.

ಅದಕ್ಕೆ ನಾನು ಪಟ್ಟಿ ಬಾಯಿಪಾಠ ಮಾಡಿಸುವುದಿಲ್ಲ. ಕನ್ನಡದಲ್ಲಿ ಏನು ಹೇಳಬೇಕು ಅಂತಿದ್ದೀರೋ ಅದರ ಕೊನೆಯ ಪದ ಕೇಳಿಸಿಕೊಳ್ಳಿ ಅನ್ನುತ್ತೇನೆ.

‘ಬೇಲೂರಿಗೆ ಹೋದೆ.’ ಕೆಲಸ ಮುಗಿಯಿತು. ‘ವಾಸ್’ ಬೇಡವೇ ಬೇಡ: ‘ಐ ವೆಂಟ್ ಟು ಬೇಲೂರ್.’

‘ಬೇಲೂರಿಗೆ ಹೋಗ್ತಾ ಇದ್ದೆ.’ ಕೆಲಸ ಆಗ ನಡೀತಾ ಇತ್ತು. ಈಗ ‘ವಾಸ್’ ಬೇಕು, ಕ್ರಿಯಾಪದಕ್ಕೆ ‘ಇಂಗ್’ ಬೇಕು: ‘ಐ ವಾಸ್ ಗೋಯಿಂಗ್ ಟು ಬೇಲೂರ್.’

ದಿನದ ಮಾತಿನಲ್ಲಿ ‘ವಾಸ್’, ‘ವರ್’ ಪಕ್ಕದಲ್ಲಿ ಬರೀ ‘ಗೋ’ ಬರುವುದಿಲ್ಲ, ‘ವೆಂಟ್’ ಕೂಡ ಬರುವುದಿಲ್ಲ. ‘ಇಂಗ್’ ಇರುವ ರೂಪ ಬರಬೇಕು. ಇಲ್ಲವೇ ‘ಬಿಲ್ಟ್’, ‘ಬಾರ್ನ್’, ‘ಕ್ಲೀನ್ಡ್’ ಥರದ ಮೂರನೇ ರೂಪ ಬರಬೇಕು. ಅದರ ವಿಷಯ ಮುಂದೆ ಹೇಳುತ್ತೇನೆ.

‘ಐ’, ‘ಹಿ’, ‘ಶಿ’, ‘ಇಟ್’ ಇದ್ದರೆ ‘ವಾಸ್’. ‘ವಿ’, ‘ದೇ’, ‘ಯು’ ಇದ್ದರೆ ‘ವರ್’. ಎದುರಿಗೆ ಒಬ್ಬರೇ ಇದ್ದರೂ ‘ಯು ವರ್’. ಇಷ್ಟು ಎಲ್ಲರೂ ಬೇಗ ಕಲಿಯುತ್ತಾರೆ. ತೊಂದರೆ ಆಗುವುದು ನಮ್ಮ ಕನ್ನಡದ ಕಿವಿ ದಾರಿ ತಪ್ಪಿಸುವ ಕಡೆ. ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಮೊದಲನೆಯದು ಮರ್ಯಾದೆ. ‘ಅಪ್ಪ ಪೇಪರ್ ಓದ್ತಾ ಇದ್ರು’ ಅನ್ನುತ್ತೇವೆ. ‘ಇದ್ರು’ ಬಹುವಚನ, ಹಾಗಾಗಿ ‘ಮೈ ಫಾದರ್ ವರ್ ರೀಡಿಂಗ್’ ಅಂತ ಬಾಯಿಗೆ ಬರುತ್ತದೆ. ಸರಿ ರೂಪ ‘ಮೈ ಫಾದರ್ ವಾಸ್ ರೀಡಿಂಗ್ ದ ಪೇಪರ್.’ ಒಬ್ಬರು ನನ್ನನ್ನು ಕೇಳಿದರು, “ಅತ್ತೆಗೆ ‘ವಾಸ್’ ಅಂದ್ರೆ ಏಕವಚನದಲ್ಲಿ ಮಾತಾಡಿಸಿದ ಹಾಗೆ ಆಗಲ್ವಾ ಮೇಡಂ?” ತುಂಬಾ ಒಳ್ಳೆಯ ಪ್ರಶ್ನೆ. ಆಗಲ್ಲ. ಇಂಗ್ಲಿಷಿನಲ್ಲಿ ಒಬ್ಬ ವ್ಯಕ್ತಿ ಅಂದ್ರೆ ರಾಜನಾದರೂ ‘ವಾಸ್’. ಮರ್ಯಾದೆ ‘ಸರ್’, ‘ಮ್ಯಾಮ್’, ‘ಪ್ಲೀಸ್’ ಪದಗಳಲ್ಲಿ, ಮಾತಾಡುವ ದನಿಯಲ್ಲಿ ಇರುತ್ತದೆ. ಇದೇ ಕಾರಣಕ್ಕೆ ‘ಮೈ ಫಾದರ್ ಕೇಮ್, ದೇ ವರ್ ಟೈರ್ಡ್’ ಅನ್ನಬೇಡಿ. ಕೇಳುವವರು ಅಪ್ಪನ ಜೊತೆ ಇನ್ಯಾರು ಬಂದರು ಅಂತ ಯೋಚಿಸುತ್ತಾರೆ. ‘ಹಿ ವಾಸ್ ಟೈರ್ಡ್’ ಅನ್ನಿ.

ಎರಡನೆಯದು ಇದರ ಉಲ್ಟಾ. ಪ್ರಾಣಿ, ವಸ್ತುಗಳು ಎಷ್ಟೇ ಇರಲಿ, ಆಡುಮಾತಿನಲ್ಲಿ ನಮಗೆ ‘ಇತ್ತು’ ಸಾಕು. ‘ಸ್ಟ್ಯಾಂಡಲ್ಲಿ ಮೂರು ಬಸ್ ನಿಂತಿತ್ತು’, ‘ತೋಟದಲ್ಲಿ ಆನೆಗಳು ಓಡಾಡ್ತಾ ಇತ್ತು.’ ಇಂಗ್ಲಿಷಿನಲ್ಲಿ ಒಂದಕ್ಕಿಂತ ಜಾಸ್ತಿ ಆದರೆ ‘ವರ್’: ‘ತ್ರೀ ಬಸಸ್ ವರ್ ಸ್ಟ್ಯಾಂಡಿಂಗ್ ದೇರ್’, ‘ಎಲಿಫೆಂಟ್ಸ್ ವರ್ ವಾಕಿಂಗ್ ಇನ್ ದ ಎಸ್ಟೇಟ್.’ ಸಕಲೇಶಪುರ, ಆಲೂರು ಕಡೆಯವರು ಇದನ್ನು ಚೆನ್ನಾಗಿ ಕಲಿಯಲೇಬೇಕು. ಬೆಳಿಗ್ಗೆ ವಾಕಿಂಗ್ ಹೊರಟ ಗೆಸ್ಟ್‌ಗೆ ಒಂದು ಆನೆಯೋ ಹಿಂಡೋ ಅಂತ ಸರಿಯಾಗಿ ತಿಳಿಯಬೇಕು. ಒಂದೇ ಆದರೆ ‘ಆ್ಯನ್ ಎಲಿಫೆಂಟ್ ವಾಸ್ ವಾಕಿಂಗ್.’

‘ಎಲ್ಲರೂ ಕುಣೀತಾ ಇದ್ರು’ ಅನ್ನುವಾಗ ಮಾತ್ರ ‘ಎವ್ರಿಬಡಿ ವಾಸ್ ಡ್ಯಾನ್ಸಿಂಗ್.’ ‘ಎವ್ರಿಬಡಿ’ಗೆ ಇಂಗ್ಲಿಷಿನಲ್ಲಿ ಏಕವಚನ, ‘ಪೀಪಲ್’ಗೆ ಬಹುವಚನ. ಕಾರಣ ಹುಡುಕಬೇಡಿ, ಬಾಯಿಗೆ ರೂಢಿ ಮಾಡಿಕೊಳ್ಳಿ.

ಮೂರನೆಯದು, ಕನ್ನಡದಲ್ಲಿ ‘ಇತ್ತು’, ‘ಇದ್ದೆ’ ಇದ್ದರೂ ‘ವಾಸ್’ ಬೇಡದ ಜಾಗಗಳು. ‘ನನಗೆ ಗೊತ್ತಿತ್ತು’ ಅಂದ್ರೆ ‘ಐ ನ್ಯೂ’. ‘ಐ ವಾಸ್ ನೋಯಿಂಗ್’ ಅಲ್ಲ. ‘ನನ್ನ ಹತ್ರ ದುಡ್ಡಿತ್ತು’ ಅಂದ್ರೆ ‘ಐ ಹ್ಯಾಡ್ ಮನಿ’. ಆದರೆ ‘ಐ ವಾಸ್ ಹ್ಯಾವಿಂಗ್ ಲಂಚ್’ ಸರಿ, ಯಾಕಂದ್ರೆ ಅಲ್ಲಿ ಊಟ ನಡೀತಾ ಇದೆ. ‘ನಿನ್ನೆ ಚಿಕ್ಕಮಗಳೂರಿಗೆ ಹೋಗಿದ್ದೆ’ ಅನ್ನಬೇಕಾದರೆ ಸುಮ್ನೆ ‘ಐ ವೆಂಟ್ ಟು ಚಿಕ್ಕಮಗಳೂರ್ ಯೆಸ್ಟರ್ಡೇ’ ಸಾಕು. ‘ಚಿಕ್ಕವಳಿದ್ದಾಗ ಪ್ರತಿ ವರ್ಷ ಜಾತ್ರೆಗೆ ಹೋಗ್ತಿದ್ದೆ’ ಅನ್ನುವುದು ರೂಢಿಯ ಮಾತು. ಅಲ್ಲಿ ‘ಐ ಯೂಸ್ಡ್ ಟು ಗೋ.’

ಹಾಗಾದರೆ ‘ವಾಸ್’, ‘ಇಂಗ್’ ನಿಜವಾಗಿ ಎಲ್ಲಿ ಬೇಕು? ಒಂದು ಕೆಲಸ ನಡೀತಾ ಇರುವಾಗ ಮಧ್ಯೆ ಇನ್ನೊಂದು ಆದಾಗ. ‘ಬಸ್ಸಿಗೆ ಕಾಯ್ತಾ ಇದ್ದೆ, ಮಳೆ ಶುರುವಾಯಿತು.’ ಮಲೆನಾಡಿನ ಪಕ್ಕದಲ್ಲಿರುವ ನಮಗೆ ಇಂಥ ವಾಕ್ಯಗಳಿಗೆ ಬರವಿಲ್ಲ. ‘ಐ ವಾಸ್ ವೇಟಿಂಗ್ ಫಾರ್ ದ ಬಸ್ ವೆನ್ ಇಟ್ ಸ್ಟಾರ್ಟೆಡ್ ರೇನಿಂಗ್.’ ಉದ್ದದ ಕೆಲಸಕ್ಕೆ ‘ವಾಸ್’, ‘ಇಂಗ್’. ಮಧ್ಯೆ ಬಂದದ್ದಕ್ಕೆ ಸಾದಾ ಹಿಂದಿನ ಕಾಲ.

ಇನ್ನು ಮೂರನೇ ರೂಪ. ಇದು ಡ್ರೈವರ್‌ಗಳಿಗೆ ಅನ್ನ ಕೊಡುವ ವಾಕ್ಯ. ‘ಕಟ್ಟಲಾಯಿತು’ ಅಂತ ನಾವು ಯಾರೂ ಮಾತಾಡಲ್ಲ, ‘ವಿಷ್ಣುವರ್ಧನ ಕಟ್ಟಿಸಿದ್ದು’ ಅನ್ನುತ್ತೇವೆ. ಅದಕ್ಕೇ ಇದು ಸ್ವಲ್ಪ ತಡವಾಗಿ ಹತ್ತುತ್ತದೆ. ಯಾರು ಮಾಡಿದರು ಅನ್ನುವುದಕ್ಕಿಂತ ಏನಾಯಿತು ಅನ್ನುವುದು ಮುಖ್ಯವಾದಾಗ ಆ ವಸ್ತುವನ್ನು ಮುಂದಿಡಿ: ‘ದ ಬೇಲೂರ್ ಟೆಂಪಲ್ ವಾಸ್ ಬಿಲ್ಟ್ ಬೈ ಕಿಂಗ್ ವಿಷ್ಣುವರ್ಧನ.’ ಅಲ್ಲಿ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ದೇವಸ್ಥಾನಗಳು ಹಲವು, ಹಾಗಾಗಿ ‘ದ ಟೆಂಪಲ್ಸ್ ವರ್ ಆ್ಯಡೆಡ್ ಟು ದ ಲಿಸ್ಟ್ ಇನ್ 2023.’ ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದರು ಅನ್ನುವ ಕಥೆ ಹೇಳುವಾಗ ಬೀಜಗಳ ಲೆಕ್ಕ ಹಿಡಿದರೆ ‘ಸೆವೆನ್ ಬೀನ್ಸ್ ವರ್ ಬ್ರಾಟ್’. ಕಾಫಿ ಅಂತಷ್ಟೇ ಹೇಳಿದರೆ ‘ಕಾಫಿ ವಾಸ್ ಬ್ರಾಟ್’. ಹೋಂಸ್ಟೇಯವರಿಗೆ ‘ದ ರೂಮ್ಸ್ ವರ್ ಕ್ಲೀನ್ಡ್ ದಿಸ್ ಮಾರ್ನಿಂಗ್’ ದಿನವೂ ಬೇಕಾಗುತ್ತದೆ. ಇಂಟರ್‌ವ್ಯೂಗೆ ಹೋಗುವವರು ‘ಐ ಬಾರ್ನ್’ ಅನ್ನಬೇಡಿ, ‘ಐ ವಾಸ್ ಬಾರ್ನ್ ಇನ್ ಹಾಸನ್’ ಅನ್ನಿ.

ಪ್ರಶ್ನೆ ಕೇಳುವಾಗ ನಾವು ಕೊನೆಯಲ್ಲಿ ‘ಆ’ ಸೇರಿಸುತ್ತೇವೆ: ‘ಕಾಯ್ತಾ ಇದ್ರಾ?’ ಇಂಗ್ಲಿಷಿನಲ್ಲಿ ‘ವರ್’ ಮುಂದೆ ಬರುತ್ತದೆ: ‘ವರ್ ಯು ವೇಟಿಂಗ್?’ ‘ಡಿಡ್’ ತರಬೇಡಿ. ಇಲ್ಲ ಅನ್ನಲು ‘ವಾಸ್ ನಾಟ್’, ‘ವರ್ ನಾಟ್’.

ಉಚ್ಚಾರಣೆ ಬಗ್ಗೆ ಒಂದು ಮಾತು. ‘ವರ್’ ಚಿಕ್ಕದಾಗಿ ಬರಲಿ. ‘ವೇರ್’ ಅಂತ ಎಳೆದರೆ ‘ಎಲ್ಲಿ’ ಅಂತ ಕೇಳಿದ ಹಾಗೆ ಆಗುತ್ತದೆ.

ಅಭ್ಯಾಸಕ್ಕೆ ಪುಸ್ತಕ ಬೇಡ. ರಾತ್ರಿ ಊಟ ಆದಮೇಲೆ ಫೋನಿನ ರೆಕಾರ್ಡರ್ ಹಾಕಿ. ಸಂಜೆ ಆರು ಗಂಟೆಗೆ ನೀವು ಏನು ಮಾಡ್ತಾ ಇದ್ರಿ, ಮನೆಯವರು ಒಬ್ಬೊಬ್ಬರೂ ಏನು ಮಾಡ್ತಾ ಇದ್ರು, ಅಷ್ಟರಲ್ಲಿ ಏನಾಯಿತು ಅಂತ ಇಂಗ್ಲಿಷಿನಲ್ಲಿ ಹೇಳಿ. ಆಮೇಲೆ ಕೇಳಿಸಿಕೊಳ್ಳಿ. ಪ್ರತಿ ‘ವಾಸ್’ ಆದಮೇಲೆ ಯಾವ ರೂಪ ಬಂತು ನೋಡಿ. ಬರೀ ಕ್ರಿಯಾಪದ ಬಂದಿದ್ದರೆ ಅಲ್ಲೇ ನಿಲ್ಲಿಸಿ, ಆ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿ, ಕೊನೆಯ ಪದ ಕೇಳಿ, ಆಮೇಲೆ ಮತ್ತೆ ಇಂಗ್ಲಿಷಿನಲ್ಲಿ ಹೇಳಿ.