ಪಿಕ್ಸೆಲ್ ಒಳಗೇ ಎಡಿಸಿ: ಜಾಗ ತಿಂದದ್ದು ಮೆಮೊರಿ

ಮಾಮೂಲಿ ಮೊಬೈಲ್ ಕ್ಯಾಮೆರಾ ಪಿಕ್ಸೆಲ್‌ಗಳನ್ನು ಸಾಲು ಸಾಲಾಗಿ ಓದುತ್ತದೆ. ಅದಕ್ಕೇ ಜೋರಾಗಿ ಓಡುವ ವಸ್ತು ಚಿತ್ರದಲ್ಲಿ ಸೊಟ್ಟಗೆ ಕಾಣೋದು. ಬ್ಯಾಡಗಿ ಮೆಣಸಿನಕಾಯಿ ಮೇಲಿಂದ ಬೀಳುವಾಗಲೇ ಬಣ್ಣ ನೋಡಿ ಬೇರೆ ಮಾಡಬೇಕು ಅಂದುಕೊಳ್ಳಿ. ಅರ್ಧ ಮೀಟರ್ ಬಿದ್ದ ಕಾಯಿಯ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಪೂರ್ತಿ ಚಿತ್ರ ಓದಲು 20 ಮಿಲಿಸೆಕೆಂಡ್ ಹಿಡಿದರೆ, ಅಷ್ಟರಲ್ಲಿ ಅದು 6 ಸೆಂಟಿಮೀಟರ್ ಕೆಳಗಿರುತ್ತದೆ.

ಡಿಜಿಟಲ್ ಪಿಕ್ಸೆಲ್‌ನಲ್ಲಿ ಎಡಿಸಿ (ವೋಲ್ಟೇಜನ್ನು ಅಂಕಿ ಮಾಡುವ ಸರ್ಕ್ಯೂಟ್), ಮೆಮೊರಿ ಎರಡೂ ಪಿಕ್ಸೆಲ್ ಒಳಗೇ ಇರುತ್ತವೆ, ಎಲ್ಲ ಪಿಕ್ಸೆಲ್‌ಗಳೂ ಒಟ್ಟಿಗೇ ಅಂಕಿ ಹಿಡಿಯುತ್ತವೆ. 2001ರಲ್ಲಿ ಸ್ಟ್ಯಾನ್‌ಫರ್ಡ್‌ನವರು ತೋರಿಸಿದ 352×288 ಸೆನ್ಸರ್ ಸೆಕೆಂಡಿಗೆ 10,000 ಚಿತ್ರ ತೆಗೆಯಿತು. ಆದರೆ 0.18 ಮೈಕ್ರಾನ್ ಚಿಪ್ ತಂತ್ರಜ್ಞಾನದಲ್ಲೂ ಪಿಕ್ಸೆಲ್‌ಗೆ 37 ಟ್ರಾನ್ಸಿಸ್ಟರ್, ಅಗಲ 9.4 ಮೈಕ್ರಾನ್, ಬೆಳಕು ಹಿಡಿಯೋ ಜಾಗ ಬರೀ ಶೇ. 15.

ನಾನು ಹುಬ್ಬಳ್ಳಿಯ ಮನೆಯಲ್ಲೇ ಕೂತು ಚಿಪ್ ತಯಾರಿಸುವ ಸ್ಕೈವಾಟರ್ ಕಂಪನಿಯ 130 ನ್ಯಾನೋಮೀಟರ್ ಓಪನ್ ಡಿಸೈನ್ ಕಿಟ್‌ನಲ್ಲಿ ಇಂಥದೊಂದು ಪಿಕ್ಸೆಲ್ ಬಿಡಿಸಿದೆ. ಸಿಮ್ಯುಲೇಶನ್‌ಗೆ ಎನ್‌ಜಿಸ್ಪೈಸ್, ಲೇಔಟ್‌ಗೆ ಮ್ಯಾಜಿಕ್, ಎರಡೂ ಉಚಿತ. ಸಿಮ್ಯುಲೇಶನ್‌ನಲ್ಲಿ, ಬೆಳಕನ್ನು ಕರೆಂಟ್ ಮಾಡುವ ಫೋಟೋಡಯೋಡ್ ಬದಲು 10 ಫೆಮ್ಟೊಫ್ಯಾರಡ್ ಕೆಪಾಸಿಟರ್, ಪಕ್ಕಕ್ಕೊಂದು ಕರೆಂಟ್ ಸೋರ್ಸ್. 1 ಪಿಕೊಆಂಪ್ ಹರಿದರೆ 10 ಮಿಲಿಸೆಕೆಂಡ್‌ನಲ್ಲಿ 1 ವೋಲ್ಟ್ ಇಳಿಯುತ್ತದೆ. ಲೆಕ್ಕ ಸುಲಭ.

ಎಡಿಸಿ ದೊಡ್ಡದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಹಾಗಿಲ್ಲ. ರ‍್ಯಾಂಪ್ (ಒಂದೇ ಸಮನೆ ಬದಲಾಗುವ ವೋಲ್ಟೇಜ್) ಮತ್ತು ಕೌಂಟರ್ (ಅದರ ಜೊತೆಗೇ ಎಣಿಸುವ ಸರ್ಕ್ಯೂಟ್) ಎರಡನ್ನೂ ಹೊರಗೆ ಒಂದೇ ಕಡೆ ಮಾಡಿ ಎಲ್ಲರಿಗೂ ಹಂಚಬಹುದು. ಪಿಕ್ಸೆಲ್‌ಗೆ ಉಳಿಯೋದು ಎರಡು ವೋಲ್ಟೇಜ್ ಹೋಲಿಸುವ ಒಂದು ಕಂಪ್ಯಾರೇಟರ್ ಮಾತ್ರ. ರ‍್ಯಾಂಪ್ ಪಿಕ್ಸೆಲ್‌ನ ವೋಲ್ಟೇಜ್ ದಾಟಿದ ಕ್ಷಣ ಅದು ತಿರುಗುತ್ತದೆ, ಆಗ ಕೌಂಟರ್‌ನಿಂದ ಬರುವ ತಂತಿಗಳಲ್ಲಿ (ಬಸ್) ಇದ್ದ ಕೋಡ್ ಮೆಮೊರಿಯಲ್ಲಿ ಕೂತುಬಿಡುತ್ತದೆ. ಕೋಡ್ ಗ್ರೇ ಕೋಡೇ ಆಗಿರಬೇಕು. ಅದರಲ್ಲಿ ಒಂದು ಸಲಕ್ಕೆ ಒಂದೇ ಬಿಟ್ ಬದಲಾಗುವುದರಿಂದ ನಡುವೆ ಹಿಡಿದರೂ ತಪ್ಪಾದರೆ ಒಂದೇ ಅಂಕಿ ತಪ್ಪುತ್ತದೆ.

ಜಾಗ ತಿನ್ನೋದು ಮೆಮೊರಿ. 8 ಬಿಟ್‌ಗೆ ಎಸ್‌ರ‍್ಯಾಮ್ ಅನ್ನೋ ಮೆಮೊರಿ ಹಾಕಿದರೆ, ಬಿಟ್‌ಗೆ 6ರಂತೆ, 48 ಟ್ರಾನ್ಸಿಸ್ಟರ್. ಮೂರು ಟ್ರಾನ್ಸಿಸ್ಟರ್‌ನ ಡಿರ‍್ಯಾಮ್ ಆದರೆ 24 ಸಾಕು. ಅದರಲ್ಲಿ ಬಿಟ್ ಕೂರೋದು ಚಾರ್ಜ್ ಆಗಿ, ಅದು ಸೋರುತ್ತದೆ, ನಿಜ, ಆದರೆ ಒಂದು ಚಿತ್ರ ಓದಿ ಮುಗಿಯೋವರೆಗೆ ನಿಂತರೆ ಆಯ್ತು. ಬಿಸಿ ಏರಿದಷ್ಟೂ ಜಾಸ್ತಿ ಸೋರುತ್ತದೆ, ಹಾಗಾಗಿ 85 ಡಿಗ್ರಿಯಲ್ಲೂ ಓಡಿಸಿ ನೋಡಿದೆ. ಬೆಳಕು ಬಿದ್ದರೂ ಸೋರುತ್ತದೆ, ಮೆಮೊರಿ ಮೇಲೆ ಲೋಹದ ಪದರ ಮುಚ್ಚಲೇಬೇಕು. ಇನ್ನು ತಂತಿಗಳು. ಕೋಡ್ ಒಳಗೆ ಬರೋಕೆ, ಆಮೇಲೆ ಹೊರಗೆ ಹೋಗೋಕೆ ಅವೇ 8 ಗೆರೆ ಬಳಸಿದೆ, ಇಲ್ಲದಿದ್ದರೆ 16 ಆಗುತ್ತಿದ್ದವು.

ಧಾರವಾಡದ ಗೆಳೆಯ ಕೇಳಿದ, ‘ಏನಪಾ, 10 ಬಿಟ್ ಯಾಕ ಬ್ಯಾಡ?’ ಆ 10 ಫೆಮ್ಟೊಫ್ಯಾರಡ್‌ನ ರೀಸೆಟ್ ನಾಯ್ಸೇ (ಪ್ರತಿ ಚಿತ್ರಕ್ಕೂ ಮೊದಲಿನ ಮಟ್ಟಕ್ಕೆ ತರುವಾಗ ಉಳಿಯುವ ಏರುಪೇರು) ಸುಮಾರು 0.64 ಮಿಲಿವೋಲ್ಟ್. 1 ವೋಲ್ಟ್‌ನಲ್ಲಿ 8 ಬಿಟ್‌ನ ಒಂದು ಮೆಟ್ಟಿಲು 3.9 ಮಿಲಿವೋಲ್ಟ್, 10 ಬಿಟ್‌ನದು ಸುಮಾರು 1. ಕೊನೆ ಬಿಟ್‌ನಲ್ಲಿ ನಾಯ್ಸೇ ತುಂಬಿರುತ್ತದೆ. ಕಳೆಯಬೇಕು ಅಂದರೆ ರೀಸೆಟ್ ಮಟ್ಟವನ್ನೂ ಓದಿ ಎಲ್ಲೋ ಇಟ್ಟುಕೊಳ್ಳಬೇಕು, ಮತ್ತೆ ಮೆಮೊರಿ ಕಥೆಯೇ. ಸುಮ್ನೆ ಎರಡು ಗೆರೆ, 6 ಟ್ರಾನ್ಸಿಸ್ಟರ್ ಯಾಕೆ?

ಕಂಪ್ಯಾರೇಟರ್‌ನ ಆಫ್‌ಸೆಟ್ (ಹೋಲಿಸುವಾಗ ಬರುವ ಸಣ್ಣ ತಪ್ಪು) ಮಾತ್ರ ಬಿಡಬೇಡಿ. ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಅದು ಬೇರೆ ಇರೋದರಿಂದ ಚಿತ್ರದ ತುಂಬ ಚುಕ್ಕಿ ಕಾಣುತ್ತವೆ. ರೀಸೆಟ್ ಹೊತ್ತಿನಲ್ಲೇ ಔಟ್‌ಪುಟ್ಟನ್ನು ಇನ್‌ಪುಟ್‌ಗೆ ಜೋಡಿಸಿ ಆ ಆಫ್‌ಸೆಟ್ಟನ್ನು ಡಯೋಡ್ ಮೇಲೇ ಕೂಡಿಸಿದೆ. ಅದಕ್ಕೆ ಹಿಡಿದದ್ದು ಒಂದೇ ಸ್ವಿಚ್.