ಹಳೆ ಹಾಯಿದೋಣಿ ಕೊಳ್ಳುವವರು ಮೊದಲು ಆಚಾರ್ರನ್ನು ಹುಡುಕಿ

ಗಂಗೊಳ್ಳಿ, ಹಂಗಾರಕಟ್ಟೆ, ಮಲ್ಪೆ, ಇತ್ತ ಮಂಗಳೂರಿನ ಬೆಂಗ್ರೆ, ಉಳ್ಳಾಲ. ಈ ಕಡೆಯ ಹೊಳೆ ಬದಿಗಳಲ್ಲಿ ಹುಡುಕಿದರೆ ತೆಂಗಿನ ಬುಡದಲ್ಲಿ ಕವುಚಿ ಹಾಕಿದ ಮರದ ದೋಣಿ ಈಗಲೂ ಸಿಗುತ್ತದೆ. ಔಟ್‌ಬೋರ್ಡ್ ಎಂಜಿನ್ ಬಂದಾಗ ಹಾಯಿಕಂಬ ಹೋಯಿತು, ಫೈಬರ್ ಬಂದಾಗ ದೋಣಿಯೇ ಮೂಲೆ ಸೇರಿತು. ಅಂಥದ್ದೊಂದನ್ನು ತೆಗೆದುಕೊಂಡು ಮತ್ತೆ ಹಾಯಿ ಏರಿಸಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಂಗಳೂರು ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳ, ಅಂದರೆ ದೊಡ್ಡ ಮರದ ಹಡಗುಗಳ ಮಾತು ಇಲ್ಲಿಲ್ಲ, ಅದು ಒಬ್ಬಿಬ್ಬರ ಕೈಗೆ ನಿಲುಕುವ ಕೆಲಸ ಅಲ್ಲ. 18ರಿಂದ 25 ಅಡಿಯ ನಾಡದೋಣಿ ಸಾಕು. ನಾಲ್ಕೈದು ಜನ ಸೇರಿದರೆ ದಡಕ್ಕೆ ಎಳೆಯಬಹುದು, ಮನೆಯವರ ಬಾಯಿಗೂ ಜಾಸ್ತಿ ಬೀಳಬೇಕಾಗಿಲ್ಲ.

ಎಲ್ಲರೂ ಮೊದಲು ದೋಣಿ ಹುಡುಕುತ್ತಾರೆ. ನನ್ನ ಪ್ರಕಾರ ಮೊದಲು ಬೇಕಾದದ್ದು ಆಚಾರ್ರು, ಅಂದರೆ ದೋಣಿ ಕಟ್ಟುವ ಬಡಗಿ. ಮರದ ದೋಣಿಗೆ ಹಲಗೆ ಬಗ್ಗಿಸಿ ಕೂರಿಸುವ ಕೈ ಈಗ ಕಡಿಮೆ, ಇರುವವರಿಗೂ ವಯಸ್ಸಾಗಿದೆ, ಮನೆ ಬಾಗಿಲು ಮಾಡುವ ಬಡಗಿಗೆ ಈ ಕೆಲಸ ಬರುವುದಿಲ್ಲ. ದೋಣಿಗಳು ನಿಲ್ಲುವ ದಕ್ಕೆಯಲ್ಲಿ ವಯಸ್ಸಾದ ತಾಂಡೇಲರನ್ನು, ಅಂದರೆ ದೋಣಿ ನಡೆಸುವವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಆಚಾರ್ರು ಸಿಕ್ಕಿ, ಕೆಲಸಕ್ಕೆ ಒಪ್ಪಿ, ಯಾವಾಗ ಬರುತ್ತೇನೆ ಅಂತ ಹೇಳಿದ ಮೇಲೆ ದೋಣಿ ನೋಡಲು ಅವರನ್ನೇ ಕರೆದುಕೊಂಡು ಹೋಗಿ. ಆ ದಿನದ ಸಂಬಳ ಕೊಡಿ. ಇಡೀ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ನೋಡಲು ಹೋಗುವಾಗ ಒಂದು ಚೂಪು ಚೂರಿ, ಸಣ್ಣ ಸುತ್ತಿಗೆ, ಉದ್ದದ ದಾರ, ಟಾರ್ಚ್ ಇರಲಿ. ಬಣ್ಣ ನೋಡಬೇಡಿ. ಹೊಸ ಬಣ್ಣ ಹೊಡೆದ ಹಳೆ ದೋಣಿಯನ್ನು ಇನ್ನೂ ಜಾಸ್ತಿ ಪರೀಕ್ಷೆ ಮಾಡಿ. ಮೊದಲು ಅಡಿಮರ, ಅಂದರೆ ತಳದಲ್ಲಿ ಈ ತುದಿಯಿಂದ ಆ ತುದಿಗೆ ಹೋಗುವ ದಪ್ಪ ಮರ. ಎರಡು ತುದಿಗೆ ದಾರ ಎಳೆದು ಕಟ್ಟಿ, ದಾರಕ್ಕೂ ಮರಕ್ಕೂ ಇರುವ ಅಂತರ ಅಲ್ಲಲ್ಲಿ ಅಳೆಯಿರಿ. ನಡು ಮೇಲೆ ಎದ್ದು ತುದಿಗಳು ಜೋತಿದ್ದರೆ ದೋಣಿ ಸೊಂಟ ಮುರಿದುಕೊಂಡಿದೆ ಅಂತ ಅರ್ಥ. ಅದನ್ನು ಸರಿ ಮಾಡಲು ಹೋದರೆ ಹೊಸ ದೋಣಿ ಕಟ್ಟಿದಷ್ಟೇ ಕೆಲಸ. ಬಿಟ್ಟು ಬನ್ನಿ.

ಆಮೇಲೆ ಅಡಿಮರಕ್ಕೆ ತಾಗಿರುವ ಮೊದಲ ಹಲಗೆ, ಮುಂದಿನ ಮತ್ತು ಹಿಂದಿನ ತುದಿ, ಒಳಗಿನ ಅಡ್ಡಮರಗಳು ಹಲಗೆಗೆ ಕೂಡುವ ಜಾಗ. ನೀರು ನಿಲ್ಲುವುದು ಇಲ್ಲೇ, ಕೊಳೆಯುವುದೂ ಇಲ್ಲೇ. ಸುತ್ತಿಗೆಯಿಂದ ಮೆಲ್ಲ ಬಡಿಯಿರಿ. ಗಟ್ಟಿ ಮರ ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಅನುಮಾನ ಬಂದಲ್ಲಿ ಚೂರಿ ಚುಚ್ಚಿ. ಸುಲಭವಾಗಿ ಒಳಗೆ ಹೋದರೆ ಆ ಹಲಗೆ ಮುಗಿಯಿತು. ಮೊಳೆ ಸುತ್ತ ಮರ ಕಪ್ಪಾಗಿ ಮೆತ್ತಗಾಗಿದ್ದರೆ ಕಬ್ಬಿಣ ತುಕ್ಕು ಹಿಡಿದು ಮರವನ್ನೂ ತಿಂದಿದೆ. ಚುಚ್ಚಲು ಬಿಡುವುದಿಲ್ಲ ಅನ್ನುವ ಮಾಲೀಕರ ದೋಣಿ ಬೇಡವೇ ಬೇಡ.

ಮರ ಕೊರೆಯುವ ಹುಳದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದು ನಿಜವಾಗಿ ಹುಳ ಅಲ್ಲ, ಮರುವಾಯಿಯ ಜಾತಿಗೆ ಸೇರಿದ ಚಿಪ್ಪಿನ ಜೀವಿ. ಮರಿಯಾಗಿದ್ದಾಗ ಸೂಜಿ ತುದಿಯಷ್ಟು ತೂತು ಮಾಡಿ ಒಳಗೆ ಸೇರುತ್ತದೆ, ಮರದೊಳಗೇ ದೊಡ್ಡದಾಗುತ್ತದೆ. ಹಾಗಾಗಿ ಹೊರಗೆ ಚುಕ್ಕಿ ಮಾತ್ರ, ಒಳಗೆ ಬೆರಳು ಗಾತ್ರದ ಸುರಂಗ. ಸಣ್ಣ ಚುಕ್ಕಿ ಒಂದೆರಡು ಕಂಡರೂ ಅಲ್ಲಿ ಬಡಿದು ನೋಡಿ. ಅದಕ್ಕೆ ಉಪ್ಪುನೀರು ಬೇಕು, ಸಿಹಿನೀರಿನಲ್ಲಿ ಬದುಕುವುದಿಲ್ಲ, ದೋಣಿಯನ್ನು ದಡಕ್ಕೆ ಹಾಕಿ ಪೂರ್ತಿ ಒಣಗಿಸಿದರೂ ಸಾಯುತ್ತದೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆಗಳ ನೀರು ಅಳಿವೆಯ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿಯ ಹತ್ತಿರದವರೆಗೂ ಸಿಹಿಯಾಗುತ್ತದಲ್ವಾ, ಆಗ ಮೇಲಿನ ಹೊಳೆಯಲ್ಲಿ ಕಟ್ಟಿದ ದೋಣಿಗೆ ಈ ಕಾಟ ತಪ್ಪುತ್ತದೆ. ಆದರೆ ಸಿಹಿನೀರೇ ಮರ ಕೊಳೆಸುವುದು. ಸಮುದ್ರದ ಉಪ್ಪಿಗಿಂತ ದೋಣಿಯೊಳಗೆ ನಿಂತ ಮಳೆನೀರು ಅಪಾಯ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಇದನ್ನು ಮರೆಯಬೇಡಿ.

ಮರಕ್ಕೆ ಫೈಬರ್ ಹೊದಿಸಿದ ದೋಣಿ ತೋರಿಸಿದರೆ ತುಂಬಾ ಹುಷಾರು. ಒಳಗೆ ಸಿಕ್ಕಿಬಿದ್ದ ತೇವ ಹೊರಗೆ ಹೋಗಲು ದಾರಿ ಇರುವುದಿಲ್ಲ, ಹೊರಗಿನಿಂದ ನುಣ್ಣಗೆ ಕಂಡರೂ ಮರ ಪುಡಿಯಾಗಿರಬಹುದು.

ಕತ್ತದ ಹಗ್ಗದಿಂದ ಹೊಲಿದ ರಂಪಣಿ ದೋಣಿ ಸಿಕ್ಕರೆ ಅದರ ಮಾತೇ ಬೇರೆ. ರಂಪಣಿ ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ಮೊಳೆಯೇ ಇಲ್ಲದೆ ಹಲಗೆಗೆ ಹಲಗೆ ಹೊಲಿದದ್ದು. 1970ರ ದಶಕದಲ್ಲಿ ಮೀನಿನ ಗುಂಪನ್ನು ಸುತ್ತುವರಿದು ಹಿಡಿಯುವ ಪರ್ಸಿನ್ ಬಲೆ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು, ಅದರ ಜೊತೆ ಹೊಲಿಯುವವರೂ. ಅಂಥ ದೋಣಿಗೆ ದಯವಿಟ್ಟು ಮೊಳೆ ಹೊಡೆಯಬೇಡಿ. ಹೊಲಿಗೆ ದೋಣಿ ಅಲೆಗೆ ಸ್ವಲ್ಪ ಬಾಗುತ್ತದೆ, ಮೊಳೆ ಹೊಡೆದ ಕಡೆ ಬಾಗಲಾಗದೆ ಹಲಗೆ ಸೀಳುತ್ತದೆ. ಹಗ್ಗ ಬಿಚ್ಚಿ ಅದೇ ತೂತಿನಲ್ಲಿ ಹೊಸ ಹಗ್ಗ ಹಾಕಿ ಬಿಗಿಯಬೇಕು. ಹೊಲಿಯಲು ಗೊತ್ತಿರುವವರು ಸಿಗದಿದ್ದರೆ ನೆರಳಿನಲ್ಲಿ ಹಾಗೇ ಉಳಿಸಿ, ಅದೂ ದೊಡ್ಡ ಉಪಕಾರ.

ವ್ಯಾಪಾರ ಮುಗಿಸುವ ಮೊದಲು ಕಾಗದ ಕೇಳಿ. ನೋಂದಣಿ ಯಾರ ಹೆಸರಲ್ಲಿದೆ, ಸೊಸೈಟಿ ಅಥವಾ ಬ್ಯಾಂಕಿನ ಸಾಲ ಬಾಕಿ ಇದೆಯಾ, ಎಲ್ಲ ಬರವಣಿಗೆಯಲ್ಲಿ ಬೇಕು. ನೀವು ಅದನ್ನು ಯಾವ ಬಳಕೆಗೆ ಇಡುತ್ತೀರಿ ಅಂತ ಬಂದರು ಇಲಾಖೆಯ ಕಚೇರಿಯಲ್ಲಿ ಮೊದಲೇ ಹೇಳಿ ಕೇಳಿಕೊಳ್ಳಿ.

ಕೆಲಸ ಶುರು ಮಾಡಲು ದೀಪಾವಳಿ ಕಳೆದ ಮೇಲಿನ ದಿನಗಳು ಚಂದ. ಗಾಳಿಯಲ್ಲಿ ತೇವ ಕಡಿಮೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ, ಆಗ ಬೋಟುಗಳ ರಿಪೇರಿಗೆ ಆಚಾರ್ರಿಗೆ ಪುರುಸೊತ್ತು ಇರುವುದಿಲ್ಲ. ದೋಣಿ ಎಳೆಯಲು ಅಮಾವಾಸ್ಯೆ ಅಥವಾ ಹುಣ್ಣಿಮೆಯ ಉಬ್ಬರ ನೋಡಿಕೊಳ್ಳಿ, ನೀರು ಜಾಸ್ತಿ ಏರಿದಾಗ ಅರ್ಧ ದಾರಿ ಅದೇ ತಂದುಕೊಡುತ್ತದೆ. ಅಡಿಮರದ ಉದ್ದಕ್ಕೂ ಅಲ್ಲಲ್ಲಿ ಮರದ ದಿಮ್ಮಿ ಕೊಡಿ. ಎರಡು ತುದಿಗೆ ಮಾತ್ರ ಕೊಟ್ಟರೆ ನಡು ಜಗ್ಗುತ್ತದೆ. ಮೇಲೆ ಚಪ್ಪರ ಹಾಕಿ, ನೇರ ಬಿಸಿಲಿಗೆ ಮರ ಸೀಳುತ್ತದೆ.

ಎಲ್ಲ ಹಲಗೆಯನ್ನೂ ಒಟ್ಟಿಗೆ ಕಿತ್ತರೆ ದೋಣಿ ಆಕಾರ ಕಳೆದುಕೊಳ್ಳುತ್ತದೆ. ಒಂದು ತೆಗೆಯಿರಿ, ಅದನ್ನೇ ಅಳತೆ ಮಾಡಿ ಹೊಸದು ಕೊಯ್ಯಿರಿ, ಕೂರಿಸಿ, ಆಮೇಲೆ ಮುಂದಿನದು. ಪಕ್ಕಪಕ್ಕದ ಹಲಗೆಗಳ ಜೋಡಣೆ ಒಂದೇ ನೇರಕ್ಕೆ ಬೀಳಬಾರದು. ತುಂಡು ಸೇರಿಸುವಾಗ ಓರೆಯಾಗಿ ಕೊಯ್ದು ಒಂದರ ಮೇಲೊಂದು ಕೂರಿಸಬೇಕು, ಓರೆ ಹಲಗೆಯ ದಪ್ಪದ 8 ಪಟ್ಟು ಉದ್ದ ಇದ್ದರೆ ಗಟ್ಟಿ. ಮರ ಹೆಬ್ಬಲಸು ಸಿಕ್ಕರೆ ಬೇರೆ ಯೋಚನೆ ಬೇಡ, ಸಾಗುವಾನಿಯೂ ಒಳ್ಳೆಯದು, ಮಾವು ಅಗ್ಗ ಆದರೆ ಬಾಳಿಕೆ ಕಡಿಮೆ. ಯಾವುದೇ ಇರಲಿ, ಹೊರಗಿನ ಬಿಳಿ ಭಾಗ ಕೊಯ್ದು ಬಿಸಾಡಿ, ತಿರುಳು ಮಾತ್ರ ಬೇಕು. ಮಿಲ್ಲಿನಿಂದ ರಸೀದಿ ತೆಗೆದುಕೊಳ್ಳಿ. ಮೊಳೆಯಲ್ಲಿ ತಾಮ್ರ ಒಂದು ಕಡೆ, ಕಬ್ಬಿಣ ಇನ್ನೊಂದು ಕಡೆ ಅಂತ ಬೆರೆಸಬೇಡಿ. ಉಪ್ಪುನೀರಲ್ಲಿ ಎರಡೂ ಹತ್ತಿರ ಇದ್ದರೆ ಕಬ್ಬಿಣ ಬೇಗ ಕರಗುತ್ತದೆ.

ನೀರು ಸೋರದ ಹಾಗೆ ಹಲಗೆಗಳ ನಡುವಿನ ಸಂದಿಗೆ ಹತ್ತಿ ಬಡಿಯುವಾಗ ಬಿಗಿಯಾಗಲಿ ಅಂತ ಸಿಕ್ಕಾಪಟ್ಟೆ ತುಂಬಬೇಡಿ. ಒಣಗಿದ ಮರ ನೀರು ಕುಡಿದು ಉಬ್ಬುತ್ತದೆ, ಜಾಗ ಇಲ್ಲದಿದ್ದರೆ ಹಲಗೆ ಒಂದನ್ನೊಂದು ತಳ್ಳಿ ಮೊಳೆಯನ್ನೇ ಎಳೆಯುತ್ತದೆ. ಮರ ರಕ್ಷಣೆಗೆ ನಮ್ಮ ಕಡೆಯ ಹಳೆ ಮದ್ದು ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ. ತೆಳ್ಳಗೆ ಹಚ್ಚಿ, ಒಣಗಲು ಬಿಟ್ಟು, ಮತ್ತೆ ಹಚ್ಚಿ. ಗೇರು ಎಣ್ಣೆ ಚರ್ಮ ಸುಟ್ಟು ಬೊಬ್ಬೆ ಬರಿಸುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಹಾಯಿಗೆ ಹತ್ತಿ ಬಟ್ಟೆ ನೋಡಲು ಚಂದ, ಆದರೆ ಒದ್ದೆ ಮಡಚಿಟ್ಟರೆ ಬೂಸ್ಟು ಹಿಡಿಯುತ್ತದೆ. ಪಾಲಿಯೆಸ್ಟರ್ ಹಾಯಿಬಟ್ಟೆ ಬಾಳುತ್ತದೆ. ಕಂಬ ನಿಲ್ಲುವ ಜಾಗ ಎಂಜಿನ್ ಕಾಲದಲ್ಲಿ ಕಿತ್ತು ಹೋಗಿರುತ್ತದೆ, ಕಂಬದ ಭಾರ ಬರೀ ಹಲಗೆಯ ಮೇಲೆ ಬೀಳದೆ ಅಡಿಮರದ ಮೇಲೆ ಕೂರುವ ಹಾಗೆ ಹೊಸದಾಗಿ ಮಾಡಿಸಿ.

ನೀರಿಗೆ ಇಳಿಸಿದ ಕೂಡಲೇ ಸೋರುತ್ತದೆ. ಗಾಬರಿ ಬೇಡ. ದಡದ ಹತ್ತಿರ ಆಳ ಇಲ್ಲದ ಕಡೆ ಕಟ್ಟಿ, ನೀರು ತೋಡುತ್ತಾ ಇರಿ, ಹಲಗೆ ಉಬ್ಬಿದ ಹಾಗೆ ಸೋರುವುದು ಕಡಿಮೆಯಾಗುತ್ತದೆ. ಕೆಲವು ದಿನ ಆದರೂ ಒಂದೇ ಜಾಗದಲ್ಲಿ ಸೋರಿದರೆ ಮತ್ತೆ ಎಳೆದು ಆ ಸಂದಿ ನೋಡಬೇಕು. ಮೊದಲ ಓಡಾಟ ಹೊಳೆಯ ಒಳಗೇ ಇರಲಿ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಮೆಲುಗಾಳಿ, ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ. ಹೋಗುವುದಕ್ಕೂ ಬರುವುದಕ್ಕೂ ಅನುಕೂಲ. ಅಳಿವೆ ದಾಟುವುದು ಮಾತ್ರ ಅಲ್ಲಿಯ ಮೀನುಗಾರರೊಬ್ಬರು ಜೊತೆಗಿದ್ದಾಗಲೇ. ಇಳಿತದ ನೀರು ಹೊರಗೆ ಹೋಗುವಾಗ ಎದುರಿನಿಂದ ಅಲೆ ಬಂದರೆ ಅಲ್ಲಿ ನೀರು ಗೋಡೆಯಾಗಿ ಏಳುತ್ತದೆ. ಎಲ್ಲರಿಗೂ ಲೈಫ್ ಜಾಕೆಟ್ ಇರಲಿ, ಮೇ ತಿಂಗಳು ಬರುವಷ್ಟರಲ್ಲಿ ದೋಣಿ ದಡ ಸೇರಿ, ತಳದ ತೂತಿಗೆ ಹಾಕಿದ ಬಿರಟೆ ತೆಗೆದು, ಗಾಳಿ ಆಡುವ ಹಾಗೆ ಮುಚ್ಚಿರಬೇಕು.