ಡ್ರೈವರ್ ಆಮೇಲೆ, ಮೊದಲು ಚಿಪ್ಪಿನ ನಂಬರ್: ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್

ಸಾಗರದಲ್ಲಿ ತಾಲ್ಲೂಕು ಆಫೀಸಿನ ಹತ್ತಿರ ನನ್ನದೊಂದು ಡಿಟಿಪಿ, ಝೆರಾಕ್ಸ್ ಅಂಗಡಿ ಇದೆ. ಮದುವೆ ಕಾರ್ಡು, ಅರ್ಜಿ, ಅಫಿಡವಿಟ್ಟು, ಸಂಘದ ವಾರ್ಷಿಕ ವರದಿ, ಹೀಗೆ ಬಂದದ್ದೆಲ್ಲ ಟೈಪ್ ಮಾಡುತ್ತೇನೆ. ಲ್ಯಾಪ್‌ಟಾಪ್ 2017ರದ್ದು, ಏಳನೇ ತಲೆಮಾರಿನ ಐ3. ಅದಕ್ಕೆ ವಿಂಡೋಸ್ 11 ಬರುವುದಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಿಂದ ಮಾಮೂಲಿ ಅಪ್‌ಡೇಟ್ ನಿಂತಿದೆ. ಅದರಲ್ಲೇ ಬ್ಯಾಂಕಿನ ಕೆಲಸ ಮಾಡಲು ಮನಸ್ಸು ಒಪ್ಪಲಿಲ್ಲ. ಹಾಗಂತ ವಿಂಡೋಸ್ ಬಿಡಲೂ ಆಗುವುದಿಲ್ಲ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹತ್ತು ವರ್ಷದ ಫೈಲುಗಳು, ಪೇಜ್‌ಮೇಕರ್ ಕಾರ್ಡುಗಳು ಎಲ್ಲ ಅಲ್ಲೇ ಇವೆ. ಹಾಗಾಗಿ ಎರಡನ್ನೂ ಇಟ್ಟುಕೊಂಡೆ. ನೆಟ್ಟಿನ ಕೆಲಸಕ್ಕೆ ಲಿನಕ್ಸ್ ಮಿಂಟ್ (ವಿಂಡೋಸಿನ ಹಾಗೇ ಕಂಪ್ಯೂಟರ್ ನಡೆಸುವ ಇನ್ನೊಂದು ಓಎಸ್, ಅಂದರೆ ಆಪರೇಟಿಂಗ್ ಸಿಸ್ಟಮ್), ಹಳೇ ಫೈಲಿಗೆ ನೆಟ್ ಇಲ್ಲದ ವಿಂಡೋಸ್.

ನಾನು ಕಂಪ್ಯೂಟರ್ ಓದಿದವಳಲ್ಲ. ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನಿನಲ್ಲಿ ಹೇಳುತ್ತಾ ಹೋದ, ನಾನು ಪಹಣಿ ಅರ್ಜಿಯ ಹಿಂದೆ ಬರೆದುಕೊಳ್ಳುತ್ತಾ ಹೋದೆ. ಇಲ್ಲಿರುವುದು ಆ ಚೀಟಿಗಳೇ. ಕಮಾಂಡ್‌ಗಳನ್ನೂ ಅವನು ಹೇಳಿದ ಹಾಗೇ ಬಿಡಿಸಿ ಕೊಟ್ಟಿದ್ದೇನೆ. ಬೇರೆ ಹೇಳದಿದ್ದರೆ ಎಲ್ಲವೂ ಇಂಗ್ಲಿಷ್‌ನ ಸಣ್ಣ ಅಕ್ಷರ.

ಮೊದಲ ದಿನದ ಕೆಲಸ ಪೂರ್ತಿ ವಿಂಡೋಸ್ ಒಳಗೇ ಇರುತ್ತದೆ. ಇದನ್ನು ಬಿಟ್ಟು ಮುಂದೆ ಹೋದವರೇ ಆಮೇಲೆ ಲಿನಕ್ಸನ್ನು ಬೈಯುವುದು. ಫೈಲುಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿಕೊಳ್ಳಿ, ಇದರಲ್ಲಿ ಸೋಮಾರಿತನ ಬೇಡ. ಆಮೇಲೆ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ, ಆನ್ ಇದೆಯಾ ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ನಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ಮಗಳ ಲ್ಯಾಪ್‌ಟಾಪಿನಲ್ಲಿ ನಾನು ಅವಸರಕ್ಕೆ ಬಿದ್ದು ಬಯಾಸ್‌ಗೆ (ವಿಂಡೋಸ್ ಏಳುವ ಮೊದಲೇ ಬರುವ ಸೆಟ್ಟಿಂಗ್ ಪರದೆಗೆ) ಹೋಗಿ ಸೆಕ್ಯೂರ್ ಬೂಟ್, ಅಂದರೆ ಸಹಿ ಇರುವ ಸಾಫ್ಟ್‌ವೇರ್ ಮಾತ್ರ ಏಳಲು ಬಿಡುವ ಕಾವಲು, ಆಫ್ ಮಾಡಿದೆ. ಮರುಕ್ಷಣ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಿತು. ಅವಳ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಕೀ ಸಿಕ್ಕಿತು, ಸದ್ಯ ಬಚಾವಾದೆ. ನೀವು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದೇ ಲ್ಯಾಪ್‌ಟಾಪಿನ ಒಳಗೆ ಫೋಟೋ ಇಟ್ಟರೆ ಏನು ಪ್ರಯೋಜನ ಅಲ್ವಾ?

ಎರಡನೆಯದು ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಒಂದು ಕಣ್ಣು ತೆರೆದೇ ಇರುತ್ತದೆ. ಆಗ ಲಿನಕ್ಸಿನಿಂದ ವಿಂಡೋಸ್ ಡ್ರೈವ್ ತೆರೆದರೆ ಫೈಲ್ ಓದಬಹುದು, ಸೇವ್ ಮಾಡಲು ಬಿಡುವುದಿಲ್ಲ. ಕೆಲವು ಸಲ ವೈಫೈ ಚಿಪ್ ಕೂಡ ವಿಂಡೋಸ್ ಬಿಟ್ಟ ಸ್ಥಿತಿಯಲ್ಲೇ ಸಿಕ್ಕಿಬಿದ್ದು ಲಿನಕ್ಸಿನಲ್ಲಿ ಏಳುವುದಿಲ್ಲ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಹೊಡೆಯಿರಿ: ಪವರ್‌ಸಿಎಫ್‌ಜಿ, ಸ್ಪೇಸ್, ಸ್ಲ್ಯಾಶ್ ಎಚ್, ಸ್ಪೇಸ್, ಆಫ್. ಹೈಬರ್ನೇಟ್ ಜೊತೆಗೆ ಫಾಸ್ಟ್ ಸ್ಟಾರ್ಟಪ್ಪೂ ಹೋಗುತ್ತದೆ.

ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಡ್ರೈವನ್ನು ಶ್ರಿಂಕ್ ಮಾಡಿ ಖಾಲಿ ಜಾಗ ತೆಗೆಯಿರಿ. ನಾನು 60 ಜಿಬಿ ತೆಗೆದೆ, ಸಾಕಾಗಿದೆ. ಆ ಜಾಗವನ್ನು ಫಾರ್ಮ್ಯಾಟ್ ಮಾಡಬೇಡಿ, ಖಾಲಿಯೇ ಇರಲಿ.

ಕೊನೆಗೆ ರನ್ ಬಾಕ್ಸಿನಲ್ಲಿ ಎಂಎಸ್‌ಇನ್ಫೋ32 ಅಂತ ಹೊಡೆದು ಬಯಾಸ್ ಮೋಡ್ ಏನಿದೆ ನೋಡಿ. ಯುಇಎಫ್‌ಐ (ಬಯಾಸಿನ ಹೊಸ ರೂಪ) ಅಂತಿದ್ದರೆ ಪೆನ್‌ಡ್ರೈವನ್ನೂ ಅದೇ ಮೋಡಿನಲ್ಲಿ ಬೂಟ್ ಮಾಡಬೇಕು. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು. ಹೆಸರಿನ ಮುಂದೆ ಯುಇಎಫ್‌ಐ ಅಂತ ಇರುವುದನ್ನೇ ಆರಿಸಿ. ಆ ಮೆನು ಬರಿಸುವ ಕೀ ಒಂದೊಂದು ಲ್ಯಾಪ್‌ಟಾಪಿಗೆ ಒಂದೊಂದು: ಎಫ್12, ಎಫ್9, ಇಲ್ಲಾ ಎಸ್ಕೇಪ್.

ಈಗ ಪೆನ್‌ಡ್ರೈವ್. ರೂಫಸ್ ಅಥವಾ ವೆಂಟಾಯ್ ಅನ್ನುವ ಪ್ರೋಗ್ರಾಮಿನಿಂದ ಅದಕ್ಕೆ ಲಿನಕ್ಸ್ ತುಂಬಿಕೊಳ್ಳಿ. ನಾನು ಹಾಕಿದ್ದು ಮಿಂಟ್ 22ರ ಸಾಲಿನದು. ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿದರೆ ಏನನ್ನೂ ಇನ್‌ಸ್ಟಾಲ್ ಮಾಡದೆಯೇ ಪೂರ್ತಿ ಡೆಸ್ಕ್‌ಟಾಪ್ ಬರುತ್ತದೆ. ಇಲ್ಲಿ ಒಂದು ಗಂಟೆ ಕುಳಿತುಕೊಳ್ಳಿ. ಸೀರೆ ಕೊಳ್ಳುವಾಗ ಬಿಡಿಸಿ ನೋಡುವುದಿಲ್ಲವೇ, ಹಾಗೆ. ವೈಫೈ ಬಂತಾ? ಹಾಡು ಕೇಳಿಸುತ್ತದಾ? ಪರದೆಯ ಬೆಳಕು ಕಮ್ಮಿ ಜಾಸ್ತಿ ಆಗುತ್ತದಾ? ಮುಚ್ಚಳ ಮುಚ್ಚಿ ತೆರೆದರೆ ಎದ್ದೇಳುತ್ತದಾ? ಬರುತ್ತಲೇ ಪರದೆ ಕಪ್ಪಾಗಿ ನಿಂತರೆ, ಮೊದಲ ಮೆನುವಿನಲ್ಲಿ ಇ ಒತ್ತಿ, ಕ್ವಯಟ್ ಸ್ಪ್ಲ್ಯಾಶ್ ಅಂತ ಇರುವ ಸಾಲಿನಲ್ಲಿ ಆ ಪದಗಳ ಮುಂದೆ ನೋಮೋಡ್‌ಸೆಟ್ ಅಂತ ಸೇರಿಸಿ ಎಫ್10 ಒತ್ತಿ. ಇದು ಆ ಹೊತ್ತಿಗೆ ದಾರಿ ಮಾಡಿಕೊಳ್ಳಲು ಮಾತ್ರ. ಗ್ರಾಫಿಕ್ಸ್ ಡ್ರೈವರ್ ಕೂತ ಮೇಲೆ ಅದು ಬೇಕಾಗುವುದಿಲ್ಲ. (ಡ್ರೈವರ್ ಅಂದರೆ ಒಂದು ಚಿಪ್ಪನ್ನು ಓಎಸ್ ಕೈಯಲ್ಲಿ ಕೆಲಸ ಮಾಡಿಸುವ ಪುಟ್ಟ ಪ್ರೋಗ್ರಾಂ.)

ನನ್ನದರಲ್ಲಿ ವೈಫೈ ಬರಲಿಲ್ಲ. ಅಭ್ಯಾಸಬಲ, ತಕ್ಷಣ ಲ್ಯಾಪ್‌ಟಾಪಿನ ಮಾಡೆಲ್ ಹೆಸರು ಹಾಕಿ ಡ್ರೈವರ್ ಡೌನ್‌ಲೋಡ್ ಅಂತ ಮೊಬೈಲಿನಲ್ಲಿ ಹುಡುಕಿದೆ. ಸಿಕ್ಕಿದ್ದೆಲ್ಲ ವಿಂಡೋಸ್ ಫೈಲುಗಳು. ಹುಡುಗ ಫೋನಿನಲ್ಲಿ ನಕ್ಕ. “ಚಿಕ್ಕಮ್ಮ, ಡ್ರೈವರ್ ಹುಡುಕ್ಬೇಡ. ಒಳಗೆ ಯಾವ ಚಿಪ್ ಇದೆ, ಅದು ಮೊದಲು ಹೇಳು” ಅಂದ.

ಅವನು ಹೇಳಿದ್ದು ಇಷ್ಟು. ಲಿನಕ್ಸಿನಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್, ಅಂದರೆ ಓಎಸ್‌ನ ತಿರುಳು, ಅದರ ಒಳಗೇ ಇರುತ್ತವೆ. ಸಿಡಿ ಹಾಕುವುದು, ಕಂಪನಿಯ ಸೈಟಿಗೆ ಹೋಗುವುದು ಬಹಳ ಕಮ್ಮಿ. ಲ್ಯಾಪ್‌ಟಾಪಿನ ಹೆಸರೂ ನಂಬಿಕೆಗೆ ಬಾರದು. ಒಂದೇ ಮಾಡೆಲ್ಲಿನ ಎರಡು ಲ್ಯಾಪ್‌ಟಾಪಿನಲ್ಲಿ ಬೇರೆ ಬೇರೆ ವೈಫೈ ಚಿಪ್ ಇರಬಹುದು. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡೇ. ಚಿಪ್ ಯಾವುದು? ಅದನ್ನು ಕರ್ನಲ್ ಕೈಗೆತ್ತಿಕೊಂಡಿದೆಯಾ, ಇಲ್ಲವಾ?

ಟರ್ಮಿನಲ್ (ಲಿನಕ್ಸಿನಲ್ಲಿ ಕಮಾಂಡ್ ಹೊಡೆಯುವ ಕಿಟಕಿ) ತೆರೆದು ಹೀಗೆ ಹೊಡೆಯಿರಿ: ಎಲ್ ಎಸ್ ಪಿ ಸಿ ಐ, ಸ್ಪೇಸ್, ಮೈನಸ್, ಎನ್ ಎನ್ ಕೆ. ಉದ್ದದ ಪಟ್ಟಿ ಬರುತ್ತದೆ, ಹೆದರಬೇಡಿ. ನೆಟ್‌ವರ್ಕ್ ಕಂಟ್ರೋಲರ್ ಅನ್ನುವ ಸಾಲು ಹುಡುಕಿ. ಕೊನೆಯಲ್ಲಿ ಚೌಕದ ಬ್ರ್ಯಾಕೆಟ್ಟಿನಲ್ಲಿ ನಾಲ್ಕು ಅಕ್ಷರ, ನಡುವೆ ಕೋಲನ್, ಮತ್ತೆ ನಾಲ್ಕು ಅಕ್ಷರ ಇರುತ್ತವೆ. ಅದೇ ಚಿಪ್ಪಿನ ಆಧಾರ್ ನಂಬರ್. ಯಾರ ಹತ್ತಿರ ಸಹಾಯ ಕೇಳಿದರೂ ಅದನ್ನೇ ಕೊಡಿ. ಅದರ ಕೆಳಗೆ ಕರ್ನಲ್ ಡ್ರೈವರ್ ಇನ್ ಯೂಸ್ ಅನ್ನುವ ಸಾಲು ಇದ್ದರೆ ಡ್ರೈವರ್ ಕೂತಿದೆ, ತೊಂದರೆ ಬೇರೆ ಕಡೆ ಇದೆ. ಆ ಸಾಲೇ ಇಲ್ಲದಿದ್ದರೆ ಡ್ರೈವರ್ ಬೇಕು. ಯುಎಸ್‌ಬಿಗೆ ಚುಚ್ಚುವ ಸಾಮಾನಾದರೆ ಎಲ್ ಎಸ್ ಯು ಎಸ್ ಬಿ ಅಂತ ಹೊಡೆಯಿರಿ.

ಡ್ರೈವರ್ ಕೂತಿದ್ದೂ ವೈಫೈ ಬರದಿದ್ದರೆ ಆರ್‌ಎಫ್‌ಕಿಲ್ ಲಿಸ್ಟ್ ಅಂತ ಕೇಳಿ. ಸಾಫ್ಟ್ ಬ್ಲಾಕ್ಡ್ ಮುಂದೆ ಯೆಸ್ ಅಂತಿದ್ದರೆ ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್ ಅಂದರೆ ಬಿಡುತ್ತದೆ. (ಸುಡೊ ಅಂದರೆ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಮಾಡು ಅಂತ.) ಹಾರ್ಡ್ ಬ್ಲಾಕ್ಡ್ ಮುಂದೆ ಹಾಗಿದ್ದರೆ ಕೀಬೋರ್ಡಿನ ಏರೋಪ್ಲೇನ್ ಕೀ ಅಥವಾ ಪಕ್ಕದ ಸ್ವಿಚ್ ನೋಡಿ. ಹಳೇ ಲ್ಯಾಪ್‌ಟಾಪುಗಳಲ್ಲಿ ನಿಜವಾಗಿಯೂ ಒಂದು ಪುಟ್ಟ ಸ್ವಿಚ್ ಇರುತ್ತಿತ್ತು.

ನನ್ನದರಲ್ಲಿ ಕರ್ನಲ್ ಡ್ರೈವರ್ ಇನ್ ಯೂಸ್ ಅನ್ನುವ ಸಾಲೇ ಇರಲಿಲ್ಲ. ಡ್ರೈವರಿಗೆ ನೆಟ್ ಬೇಕು, ನೆಟ್ಟಿಗೆ ಡ್ರೈವರ್ ಬೇಕು. ಇದಕ್ಕೆ ಉಪಾಯ ಮೊಬೈಲಿನ ಚಾರ್ಜಿಂಗ್ ಕೇಬಲ್. ಫೋನನ್ನು ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸ್ ಅದನ್ನು ವೈರಿನ ನೆಟ್ ಅಂತಲೇ ತಿಳಿಯುತ್ತದೆ. ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್ ಆಗುವುದಿಲ್ಲ, ಡೇಟಾ ಹೋಗುವುದೇ ಬೇಕು. ಅಷ್ಟು ಖಾತ್ರಿಯಾದ ಮೇಲೆ ನಾನು ಇನ್‌ಸ್ಟಾಲಿಗೆ ಕೈ ಹಾಕಿದೆ.

ಇನ್‌ಸ್ಟಾಲರ್ ವಿಂಡೋಸ್ ಪಕ್ಕದಲ್ಲಿ ಹಾಕಲಾ ಅಂತ ಕೇಳುತ್ತದೆ, ಹೂಂ ಅನ್ನಿ. ಡಿಸ್ಕ್ ಅಳಿಸುವ ಆಯ್ಕೆ ಅದರ ಪಕ್ಕದಲ್ಲೇ ಇರುತ್ತದೆ, ಎರಡು ಸಲ ಓದಿ ಒತ್ತಿ. ಕೈಯಾರೆ ಪಾರ್ಟಿಶನ್ ಮಾಡುವವರು ಇಎಫ್‌ಐ ಅನ್ನುವ ಪುಟ್ಟ ಪಾರ್ಟಿಶನ್ನನ್ನು ಮಾತ್ರ ಫಾರ್ಮ್ಯಾಟ್ ಮಾಡಬಾರದು. ವಿಂಡೋಸ್ ಏಳುವುದು ಅದರಿಂದಲೇ. ಡಿಸ್ಕೇ ಕಾಣದಿದ್ದರೆ ಬಯಾಸಿನಲ್ಲಿ ಸ್ಟೋರೇಜ್ ಆರ್‌ಎಸ್‌ಟಿ ಅಥವಾ ರೇಡ್ ಮೋಡಿನಲ್ಲಿದೆ ಅಂತ ಅನುಮಾನಪಡಿ. ಇವೆಲ್ಲ ಡಿಸ್ಕನ್ನು ನಡೆಸುವ ಬೇರೆ ಬೇರೆ ವಿಧಾನದ ಹೆಸರುಗಳು. ಅದನ್ನು ಎಎಚ್‌ಸಿಐಗೆ ಬದಲಿಸಬೇಕು. ಆದರೆ ಸುಮ್ನೆ ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು. ಮೊದಲು ವಿಂಡೋಸನ್ನು ಮುಂದಿನ ಸಲ ಸೇಫ್ ಮೋಡಿನಲ್ಲಿ ಏಳುವ ಹಾಗೆ ಮಾಡಿ, ರೀಸ್ಟಾರ್ಟಿನ ಹೊತ್ತಿಗೆ ಬಯಾಸಿನಲ್ಲಿ ಬದಲಿಸಿ. ಒಮ್ಮೆ ಸೇಫ್ ಮೋಡಿನಲ್ಲಿ ಎದ್ದ ಮೇಲೆ ಮಾಮೂಲಿಗೆ ತನ್ನಿ.

ಇನ್‌ಸ್ಟಾಲ್ ಆದ ಮೇಲೆ ಮೊಬೈಲ್ ಚುಚ್ಚಿ, ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆಯಿರಿ. ನನಗೆ ವೈಫೈ ಚಿಪ್ಪಿನ ಹೆಸರು, ಕೆಳಗೆ ಒಂದು ಡ್ರೈವರ್ ತೋರಿಸಿತು. ಎನ್‌ವಿಡಿಯಾ ಕಾರ್ಡ್ ಇದ್ದವರಿಗೂ ಇಲ್ಲೇ ಸಿಗುತ್ತದೆ, ರೆಕಮೆಂಡೆಡ್ ಅಂತ ಇರುವುದನ್ನು ಆರಿಸಿ. ನಡುವೆ ಒಂದು ಪಾಸ್‌ವರ್ಡ್ ಕೇಳಿತು, ಎಂಟು ಅಂಕಿ ಹಾಕಿದೆ. ರೀಸ್ಟಾರ್ಟ್ ಮಾಡಿದರೆ ನೀಲಿ ಪರದೆ, ಎಂಒಕೆ ಮ್ಯಾನೇಜ್‌ಮೆಂಟ್ ಅಂತ. ಬಿಟ್‌ಲಾಕರ್ ಭಯ ಇನ್ನೂ ಹೋಗಿರಲಿಲ್ಲ. ಏನೂ ಮುಟ್ಟದೆ ಕೂತೆ. ಹತ್ತು ಸೆಕೆಂಡಿಗೆ ಅದು ತಾನಾಗಿ ಮುಂದೆ ಹೋಯಿತು. ವೈಫೈ ಬರಲಿಲ್ಲ.

ಆ ಪರದೆಯಲ್ಲೇ ಕೆಲಸ ಇದ್ದದ್ದು. ಎಂಒಕೆ ಅಂದರೆ ಮೆಷಿನ್ ಓನರ್ ಕೀ, ಯಂತ್ರದ ಮಾಲೀಕರು ಒಪ್ಪಿಕೊಂಡ ಸಹಿ. ಸೆಕ್ಯೂರ್ ಬೂಟ್ ಆನ್ ಇದ್ದಾಗ ಹೊರಗಿನಿಂದ ಬಂದ ಡ್ರೈವರಿಗೆ ಸಹಿ ಬೇಕು, ಆ ಸಹಿಯನ್ನು ನೀವು ಕೂತು ಒಪ್ಪಬೇಕು. ಯಾವುದಾದರೂ ಕೀ ಒತ್ತಿ. ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್, ಆಮೇಲೆ ಆ ಎಂಟು ಅಂಕಿ, ರೀಬೂಟ್. ನನ್ನ ಹಾಗೆ ತಪ್ಪಿಸಿಕೊಂಡರೆ ಹೀಗೆ ಮತ್ತೆ ಕರೆಸಿಕೊಳ್ಳಿ: ಸುಡೊ ಮೋಕ್‌ಯುಟಿಲ್, ಸ್ಪೇಸ್, ಎರಡು ಮೈನಸ್ ಅಂಟಿಸಿ ಇಂಪೋರ್ಟ್, ಸ್ಪೇಸ್, ಸ್ಲ್ಯಾಶ್ ವಿಎಆರ್ ಸ್ಲ್ಯಾಶ್ ಲಿಬ್ ಸ್ಲ್ಯಾಶ್ ಶಿಮ್ ಮೈನಸ್ ಸೈನ್ಡ್ ಸ್ಲ್ಯಾಶ್ ಎಂಒಕೆ ಸ್ಲ್ಯಾಶ್ ಎಂಒಕೆ ಡಾಟ್ ಡಿಇಆರ್. ಕೊನೆಯ ಎಂಒಕೆ ಮಾತ್ರ ದೊಡ್ಡ ಅಕ್ಷರ. ಹೊಸ ಪಾಸ್‌ವರ್ಡ್ ಕೊಟ್ಟು ರೀಸ್ಟಾರ್ಟ್ ಮಾಡಿ. ಎರಡನೇ ಸಲ ನಾನು ಬೆರಳನ್ನು ಕೀಯ ಮೇಲೇ ಇಟ್ಟುಕೊಂಡು ಕಾದೆ. ವೈಫೈ ಬಂತು.

ಚಿಪ್ ತೀರಾ ಹೊಸದಾಗಿದ್ದರೆ ಡ್ರೈವರ್ ಮ್ಯಾನೇಜರಿನಲ್ಲಿ ಏನೂ ಕಾಣದಿರಬಹುದು. ಆಗ ಅಪ್‌ಡೇಟ್ ಮ್ಯಾನೇಜರಿನ ವ್ಯೂ ಮೆನುವಿನಲ್ಲಿ ಲಿನಕ್ಸ್ ಕರ್ನಲ್ಸ್ ತೆರೆದು ಹೊಸ ಕರ್ನಲ್ ಹಾಕಿ ನೋಡಿ. ನಿನ್ನೆ ಬರುತ್ತಿದ್ದದ್ದು ಅಪ್‌ಡೇಟ್ ಆದ ಮೇಲೆ ನಿಂತರೆ ಉಲ್ಟಾ ಮಾಡಿ: ಬೂಟ್ ಮೆನುವಿನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೇ ಕರ್ನಲ್ ಆರಿಸಿ.

ಬೂಟ್ ಮೆನುವಿನಲ್ಲಿ ವಿಂಡೋಸ್ ಹೆಸರೇ ಇಲ್ಲದಿದ್ದರೆ ಅದು ಅಳಿಸಿಹೋಗಿದೆ ಅಂತಲ್ಲ. ಆ ಮೆನು ತೋರಿಸುವ ಗ್ರಬ್ ಅನ್ನುವ ಪ್ರೋಗ್ರಾಮಿನಲ್ಲಿ 2.06ರಿಂದ ಬೇರೆ ಓಎಸ್ ಹುಡುಕುವುದು ಆಫ್ ಇರುತ್ತದೆ, ಕೆಲವು ಡಿಸ್ಟ್ರೊಗಳು (ಮಿಂಟ್, ಉಬುಂಟು ಥರದ ಲಿನಕ್ಸ್ ಬಗೆಗಳು) ಆನ್ ಮಾಡಿ ಕೊಡುತ್ತವೆ. ಇಟಿಸಿ ಫೋಲ್ಡರಿನ ಡೀಫಾಲ್ಟ್ ಒಳಗಿನ ಗ್ರಬ್ ಫೈಲಿನಲ್ಲಿ ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್ ಅನ್ನುವ ಸಾಲಿಗೆ (ಈ ಹೆಸರು ಪೂರ್ತಿ ದೊಡ್ಡ ಅಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್) ಫಾಲ್ಸ್ ಅಂತ ಕೊಟ್ಟು, ಸುಡೊ ಅಪ್‌ಡೇಟ್ ಮೈನಸ್ ಗ್ರಬ್ ಹೊಡೆಯಿರಿ. ಮೆನುವೇ ಬಾರದೆ ನೇರ ವಿಂಡೋಸ್ ಎದ್ದರೆ ಬಯಾಸಿನ ಬೂಟ್ ಆರ್ಡರಿನಲ್ಲಿ ಉಬುಂಟು ಅನ್ನುವುದನ್ನು ಮೇಲಕ್ಕೆ ತನ್ನಿ. ಮಿಂಟ್ ಕೂಡ ಅಲ್ಲಿ ಅದೇ ಹೆಸರಿನಲ್ಲಿ ಕಾಣುತ್ತದೆ.

ಇನ್ನೊಂದು ಸಣ್ಣ ಕಾಟ ನನ್ನನ್ನು ಒಂದು ವಾರ ಆಡಿಸಿತು. ಬೆಳಗ್ಗೆ ಹತ್ತಕ್ಕೆ ಅಂಗಡಿ ತೆಗೆದು ವಿಂಡೋಸ್ ಹಾಕಿದರೆ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಸರಿ ಮಾಡಿದರೂ ಲಿನಕ್ಸಿಗೆ ಹೋಗಿ ಬಂದರೆ ಮತ್ತೆ ಅದೇ ಕಥೆ. ಬಯಾಸಿನ ಸೆಲ್ ಸತ್ತಿದೆ ಅಂತ ಹೊಸ ಸೆಲ್ ತಂದು, ಹಿಂಬದಿ ಬಿಚ್ಚಿಸಿ ಹಾಕಿಸಿದೆ. ಏನೂ ಆಗಲಿಲ್ಲ. ಲೆಕ್ಕ ಹಾಕಿದ್ದರೆ ಮೊದಲೇ ಗೊತ್ತಾಗುತ್ತಿತ್ತು, ವ್ಯತ್ಯಾಸ ಪ್ರತಿ ಸಲವೂ ಸರಿಯಾಗಿ ಐದೂವರೆ ಗಂಟೆ. ಲಿನಕ್ಸ್ ಲ್ಯಾಪ್‌ಟಾಪಿನ ಒಳಗಿನ ಗಡಿಯಾರದಲ್ಲಿ ಯುಟಿಸಿ ಸಮಯ (ಲೋಕಕ್ಕೆಲ್ಲ ಒಂದೇ ಆದ ಅಳತೆಯ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ) ಇಡುತ್ತದೆ. ವಿಂಡೋಸ್ ಅದನ್ನೇ ನಮ್ಮ ಊರಿನ ಸಮಯ ಅಂದುಕೊಳ್ಳುತ್ತದೆ. ನನ್ನ ವಿಂಡೋಸಿಗೆ ನೆಟ್ ಇಲ್ಲದ್ದರಿಂದ ತಾನಾಗಿ ತಿದ್ದಿಕೊಳ್ಳುವುದೂ ಇಲ್ಲ. ಲಿನಕ್ಸಿನಲ್ಲಿ ಒಂದೇ ಸಾಲು: ಟೈಮ್‌ಡೇಟ್‌ಸಿಟಿಎಲ್, ಸ್ಪೇಸ್, ಸೆಟ್ ಮೈನಸ್ ಲೋಕಲ್ ಮೈನಸ್ ಆರ್‌ಟಿಸಿ, ಸ್ಪೇಸ್, 1. ಇಲ್ಲಿ ಆರ್‌ಟಿಸಿ ಅಂದರೆ ಪಹಣಿ ಅಲ್ಲ, ರಿಯಲ್ ಟೈಮ್ ಕ್ಲಾಕ್! ಒಂದು ಎಚ್ಚರಿಕೆ ತೋರಿಸುತ್ತದೆ, ಪರವಾಗಿಲ್ಲ.

ಪ್ರಿಂಟರ್ ವಿಷಯ. ನೆಟ್‌ವರ್ಕಿನ ಹೊಸ ಪ್ರಿಂಟರ್‌ಗಳು ಹೆಚ್ಚಾಗಿ ಡ್ರೈವರ್ ಇಲ್ಲದೆಯೇ ಬರುತ್ತವೆ. ಎಚ್‌ಪಿ ಆದರೆ ಎಚ್‌ಪಿ ಮೈನಸ್ ಸೆಟಪ್ ಅಂತ ಹೊಡೆಯಿರಿ, ಕೆಲವು ಮಾಡೆಲ್ ಪ್ಲಗಿನ್ ಕೇಳುತ್ತವೆ. ನನ್ನ ಹಳೇ ಲೇಸರ್ ಪ್ರಿಂಟರ್ ಮಾತ್ರ ಎರಡು ಸಂಜೆ ಒದ್ದಾಡಿಸಿತು, ಬಗ್ಗಲಿಲ್ಲ. ಅದನ್ನು ವಿಂಡೋಸಿಗೇ ಬಿಟ್ಟಿದ್ದೇನೆ. ಲಿನಕ್ಸಿನಲ್ಲಿ ಪಿಡಿಎಫ್ ಮಾಡಿಡುತ್ತೇನೆ, ಮಧ್ಯಾಹ್ನ ನುಡಿ ಕೆಲಸಕ್ಕೆ ವಿಂಡೋಸಿಗೆ ಹೋದಾಗ ಎಲ್ಲ ಒಟ್ಟಿಗೆ ತೆಗೆಯುತ್ತೇನೆ.